ಉದ್ದ ಸೀಟೇ ಇರಲೋ, ಗುಜರಿಯ ಬಕೆಟ್ ಸೀಟು ಹಾಕಿಸಲೋ? ಹಳೆ ಪಿಕಪ್ ಓಡಿಸುವವರಿಗೊಂದು ಹೋಲಿಕೆ

ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತಿದವರಿಗೆ ಹಳೆ ಪಿಕಪ್ಪಿನ ಉದ್ದ ಸೀಟಿನ ದೋಷವನ್ನು ಬೇರೆ ಹೇಳಬೇಕಾಗಿಲ್ಲ. ಎಡಕ್ಕೆ ತಿರುಗಿದರೆ ಡ್ರೈವರು ಬಾಗಿಲಿಗೆ ಒತ್ತಿಕೊಳ್ಳುತ್ತಾನೆ, ಬಲಕ್ಕೆ ತಿರುಗಿದರೆ ಗೇರಿನ ಕಡೆ ಜಾರುತ್ತಾನೆ. ಗಾಡಿ ತಿರುಗಿಸಲು ಇರುವ ಸ್ಟೇರಿಂಗು ಹಿಡಿದು ನೇತಾಡುವ ಹಿಡಿಕೆಯಾಗುತ್ತದೆ. ಸೊಂಟ ಹಿಡಿದುಕೊಂಡ ಮೇಲೆ ಕಣ್ಣು ಗುಜರಿ ಅಂಗಡಿಯ ಕಾರಿನ ಬಕೆಟ್ ಸೀಟುಗಳ, ಅಂದರೆ ಒಬ್ಬೊಬ್ಬರೇ ಕೂರುವ ಬಿಡಿ ಸೀಟುಗಳ ಮೇಲೆ ಬೀಳುತ್ತದೆ: ತಲೆಗೆ ಆನಿಕೆ, ಪಕ್ಕಕ್ಕೆ ಉಬ್ಬು, ಹಿಂದೆ ಮುಂದೆ ಸರಿಯುವ ರೈಲು, ಎಲ್ಲ ಇದೆ. ಎರಡು ಸೀಟು ತಂದು ನಾಲ್ಕು ಬೋಲ್ಟು ಹಾಕಿದರೆ ಮುಗಿಯಿತು ಎನ್ನಿಸುತ್ತದೆ.

ಮುಗಿಯುವುದಿಲ್ಲ. ಈ ಕೆಲಸದಲ್ಲಿ ಸೀಟು ಆರಿಸುವುದು ಎಲ್ಲಕ್ಕಿಂತ ಸುಲಭದ ಭಾಗ. ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರದಲ್ಲಿ) ಎಷ್ಟು ಜನರೆಂದು ಬರೆದಿದೆ, ಕ್ಯಾಬಿನ್ನಿನ ನೆಲದ ತಗಡು ಯಾವ ಸ್ಥಿತಿಯಲ್ಲಿದೆ, ಸೀಟಿನ ಕೆಳಗೆ ಕೂರಿಸುವ ಬೇಸು ಎಷ್ಟೆತ್ತರ ಬೇಕು ಎಂಬ ಮೂರು ಪ್ರಶ್ನೆಗಳೇ ಯಾವುದು ಸರಿ ಎಂದು ತೀರ್ಮಾನಿಸುತ್ತವೆ. ಇವಕ್ಕೆ ಉತ್ತರ ಸಿಗುವ ಮೊದಲು ಸೀಟಿಗೆ ದುಡ್ಡು ಕೊಡಬೇಡಿ.

ಮೊದಲು ತಲೆ ಎಣಿಸಿ

ಸರಕು ಸಾಗಿಸುವ ಹಳೆ ಪಿಕಪ್ಪುಗಳಲ್ಲಿ ಹೆಚ್ಚಿನವು ಡ್ರೈವರು ಮತ್ತು ಇಬ್ಬರು ಎಂದು ನೋಂದಣಿಯಾದಂಥವು. ಉದ್ದ ಸೀಟು ತೆಗೆದು ಎರಡು ಬಕೆಟ್ ಸೀಟು ಹಾಕಿದರೆ ಡ್ರೈವರು ಮತ್ತು ಒಬ್ಬರು ಅಷ್ಟೇ. ಆರ್‌ಸಿಯಲ್ಲಿರುವ ವಿವರಕ್ಕೂ ಗಾಡಿಗೂ ಅಲ್ಲಿಗೆ ತಾಳೆ ತಪ್ಪಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವುದು ಇದನ್ನೇ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿ ಇಲ್ಲದ ಬದಲಾವಣೆಗೆ ಗಾಡಿಯ ಮಾಲೀಕರಿಗೆ ಒಂದೊಂದಕ್ಕೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಕುಶನ್ನು ಬದಲಿಸಿ ರೆಕ್ಸಿನ್ ಹೊಲಿಸಿದರೆ ಯಾರೂ ಕೇಳುವುದಿಲ್ಲ. ಕೂರುವವರ ಸಂಖ್ಯೆ ಬದಲಾದರೆ ಕೇಳುತ್ತಾರೆ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗಂತೂ ಪ್ರತಿ ವರ್ಷ ಫಿಟ್‌ನೆಸ್ ಪರೀಕ್ಷೆ, ಅಂದರೆ ಎಫ್‌ಸಿ ಇದೆ. ಕಾರವಾರವಾಗಲಿ, ಶಿರಸಿಯಾಗಲಿ, ಹೊನ್ನಾವರವಾಗಲಿ, ನಿಮ್ಮ ಗಾಡಿ ಯಾವ ಆರ್‌ಟಿಓ ಕಚೇರಿಯದೋ ಅಲ್ಲಿ ಮೊದಲೇ ಬರವಣಿಗೆಯಲ್ಲಿ ಕೇಳಿ, ಒಪ್ಪಿಗೆ ಪಡೆದು ಕೆಲಸ ಶುರುಮಾಡಿ. ವಿಮಾ ಕಂಪನಿಗೂ ಒಂದು ಪತ್ರ ಹಾಕಿ.

ಕಾನೂನಿನ ಮಾತು ಬಿಟ್ಟರೂ ಲೆಕ್ಕ ಬೇರೆ ಇದೆ. ಅಡಿಕೆಯ ಕೊನೆಕೊಯ್ಲಿನ ಹೊತ್ತಿನಲ್ಲಿ ಮರ ಹತ್ತುವ ಕೊನೆಗೌಡ ಮತ್ತು ಇನ್ನೊಬ್ಬ ಆಳು ಮುಂದೆಯೇ ಕೂತು ಬರಬೇಕು. ಮೀನಿನ ಗಾಡಿಗೆ ಕ್ರೇಟು ಇಳಿಸಲು ಇಬ್ಬರು ಬೇಕು. ಎರಡೇ ಸೀಟಾದರೆ ಮೂರನೆಯವನು ಎಲ್ಲಿ ಕೂರುತ್ತಾನೆ? ಹಿಂದೆ, ಸರಕಿನ ಮೇಲೆ. ಅದು ನಿಯಮಕ್ಕೂ ವಿರುದ್ಧ, ಜೀವಕ್ಕೂ ಅಪಾಯ. ಡ್ರೈವರಿನ ಸೊಂಟ ಉಳಿಸಲು ಹೋಗಿ ಆಳಿನ ಜೀವವನ್ನು ಪಣಕ್ಕಿಟ್ಟಂತಾಗುತ್ತದೆ.

ಇರುವುದು ಮೂರು ದಾರಿ

ಒಂದು, ಇರುವ ಉದ್ದ ಸೀಟನ್ನೇ ಬಿಚ್ಚಿ ಸ್ಪ್ರಿಂಗು, ಫೋಮು, ರೆಕ್ಸಿನ್ ಎಲ್ಲ ಹೊಸತು ಮಾಡಿಸುವುದು. ಎರಡು, ಗುಜರಿಯ ಕಾರಿನಿಂದ ಎರಡು ಬಕೆಟ್ ಸೀಟು. ಮೂರನೆಯದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ: ಡ್ರೈವರಿಗೆ ಒಂದು ಬಕೆಟ್ ಸೀಟು, ಉಳಿದ ಜಾಗಕ್ಕೆ ಇಬ್ಬರು ಕೂರುವ ಗಿಡ್ಡ ಸೀಟು.

ನಮ್ಮ ಅಭಿಪ್ರಾಯವನ್ನು ಈಗಲೇ ಹೇಳಿಬಿಡುತ್ತೇವೆ. ದುಡಿಯುವ ಗಾಡಿಗೆ ಮೂರನೆಯದು. ತೋಟ, ಮನೆ, ಪೇಟೆ ಎಂದು ಇಬ್ಬರೇ ಓಡಾಡುವ ಸ್ವಂತ ಗಾಡಿಗೆ, ಆರ್‌ಸಿ ಸರಿಹೋಗುವುದಾದರೆ, ಎರಡನೆಯದು. ನೆಲದ ತಗಡು ಹೋಗಿದ್ದು ಅದಕ್ಕೆ ಖರ್ಚು ಮಾಡುವ ಮನಸ್ಸಿಲ್ಲದವರಿಗೆ ಮೊದಲನೆಯದು. ಗಾಡಿ ಹೆದ್ದಾರಿ 66ರಲ್ಲೇ ಅಂಕೋಲಾ, ಕಾರವಾರ ಎಂದು ಓಡುವುದಾದರೆ ಚೆನ್ನಾಗಿ ಮಾಡಿಸಿದ ಉದ್ದ ಸೀಟು ಸಾಕು. ದೇವಿಮನೆ ಅಥವಾ ಅರಬೈಲ್ ಘಟ್ಟ ವಾರಕ್ಕೆ ಎರಡು ಸಲ ಹತ್ತಿಳಿಯುವವರಿಗೆ ಬಕೆಟ್ ಸೀಟಿನ ಪಕ್ಕದ ಉಬ್ಬು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ನೆಲ

ಕರಾವಳಿಯಲ್ಲಿ ಈ ಕೆಲಸ ಕೆಡುವುದು ಇಲ್ಲಿಯೇ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುತ್ತದೆ. ಅದರ ಜೊತೆಗೆ ಉಪ್ಪುಗಾಳಿ, ಮೀನಿನ ಪೆಟ್ಟಿಗೆಯ ಉಪ್ಪುನೀರು, ದಿನವೂ ಪೈಪು ಹಿಡಿದು ತೊಳೆಯುವ ಅಭ್ಯಾಸ. ಬಾಗಿಲ ಬೀಡಿಂಗಿನಿಂದಲೂ ಚಪ್ಪಲಿಯಿಂದಲೂ ಒಳಬಂದ ನೀರನ್ನು ರಬ್ಬರ್ ಮ್ಯಾಟಿನ ಕೆಳಗಿನ ನಮದಾ ಎಂಬ ದಪ್ಪ ಹಾಸು ಹೀರಿ ಹಿಡಿದುಕೊಳ್ಳುತ್ತದೆ. ಮೇಲಿಂದ ನೋಡಿದರೆ ಮ್ಯಾಟು ಒಣಗಿದೆ, ಕೆಳಗೆ ತಗಡು ಅಕ್ಟೋಬರಿನವರೆಗೂ ಒದ್ದೆ.

ಮ್ಯಾಟು, ನಮದಾ ಪೂರ್ತಿ ಕಿತ್ತು ಹೊರಗೆ ಹಾಕಿ. ಗಟ್ಟಿ ಸ್ಕ್ರೂಡ್ರೈವರಿನ ತುದಿಯಿಂದ ಅಂಗೈ ಅಗಲಕ್ಕೊಂದು ಕಡೆ ಕುಟ್ಟುತ್ತ ಬನ್ನಿ. ಒಳ್ಳೆಯ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ ಅಥವಾ ತುದಿ ಒಳಗೇ ಇಳಿಯುತ್ತದೆ. ಮುಖ್ಯವಾಗಿ ನೋಡಬೇಕಾದ ಜಾಗಗಳು: ಬಾಗಿಲ ಹೊಸ್ತಿಲಿನ ಒಳಮಗ್ಗುಲು, ಉದ್ದ ಸೀಟಿನ ಪೆಟ್ಟಿಗೆ ನೆಲಕ್ಕೆ ಸೇರುವ ನಾಲ್ಕು ಮೂಲೆ, ಕ್ಲಚ್ ಒತ್ತುವ ಕಾಲಿನ ಹಿಮ್ಮಡಿ ಕೂರುವಲ್ಲಿ, ಮತ್ತು ಕ್ಯಾಬಿನ್ನಿನ ಹಿಂಗೋಡೆಯ ಬುಡ. ಆಮೇಲೆ ಗಾಡಿಯ ಕೆಳಗೆ ಮಲಗಿ ಅವೇ ಜಾಗಗಳನ್ನು ಇನ್ನೊಮ್ಮೆ ನೋಡಿ. ಡಾಂಬರಿನಂಥ ಅಂಡರ್‌ಕೋಟು ಮೇಲೆ ಹೊಳೆಯುತ್ತಿದ್ದರೂ ಒಳಗೆ ತಗಡೇ ಇಲ್ಲದಿರುವುದು ಉಂಟು.

ತೂತಾದ ಜಾಗಕ್ಕೆ ಮೇಲಿಂದ ಒಂದು ತಗಡು ಹಚ್ಚಿ ಅಲ್ಲಲ್ಲಿ ಚುಕ್ಕೆ ವೆಲ್ಡ್ ಮಾಡಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಎರಡು ತಗಡಿನ ನಡುವೆ ನೀರು ನಿಂತು ಎರಡೇ ಮಳೆಗಾಲದಲ್ಲಿ ಮತ್ತೆ ತೂತು. ಕೊಳೆತದ್ದನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು, 16 ಗೇಜ್, ಅಂದರೆ 1.6 ಮಿ.ಮೀ. ತಗಡನ್ನು ಅಂಚು ಪೂರ್ತಿ ಸೇರುವಂತೆ ವೆಲ್ಡ್ ಮಾಡಿಸಬೇಕು. ಬರೀ ರೆಡ್ ಆಕ್ಸೈಡ್ ಬಳಿದು ಬಿಟ್ಟರೆ ಸಾಲದು, ಅದು ತೇವವನ್ನು ತಡೆಯುವುದಿಲ್ಲ. ಎಪಾಕ್ಸಿ ಪ್ರೈಮರ್, ಅದರ ಮೇಲೆ ಪೇಂಟು, ಕೂಡುಗೆರೆಗಳಿಗೆ ಸೀಮ್ ಸೀಲರ್. ಅಂಡರ್‌ಕೋಟು ಕೊನೆಗೆ. ವೆಲ್ಡ್ ಮಾಡಿದಾಗ ತಗಡಿನ ಕೆಳಮುಖದ ಪೇಂಟೂ ಸುಟ್ಟಿರುತ್ತದೆ. ಮೇಲೆ ಚೆಂದವಾಗಿ ಬಳಿದು ಕೆಳಗೆ ಬಳಿಯಲು ಮರೆಯುವುದು ಅತಿ ಸಾಮಾನ್ಯ ತಪ್ಪು, ಹೊಸ ತುಕ್ಕು ಶುರುವಾಗುವುದೂ ಅಲ್ಲಿಂದಲೇ.

ನೆಲ ಇಷ್ಟು ಮುಖ್ಯ ಏಕೆ ಎಂಬುದಕ್ಕೆ ಒಂದು ಲೆಕ್ಕ. ಹೆಚ್ಚಿನ ಕಾರುಗಳಲ್ಲಿ ಸೀಟ್ ಬೆಲ್ಟಿನ ಬಕಲ್ ಸೀಟಿನ ಚೌಕಟ್ಟಿಗೇ ಕಟ್ಟಿರುತ್ತದೆ. ಡಿಕ್ಕಿಯಾದಾಗ ಕ್ಷಣಮಾತ್ರ ಭೂಮಿಯ ಸೆಳೆತದ 20 ಪಟ್ಟು ಬಲ ಬಂದಿತೆಂದರೆ 70 ಕೆ.ಜಿ. ಮನುಷ್ಯ 1,400 ಕೆ.ಜಿ.ಯಷ್ಟು ಎಳೆಯುತ್ತಾನೆ, 15 ಕೆ.ಜಿ. ಸೀಟು ತನ್ನ ಪಾಲಿನ 300 ಸೇರಿಸುತ್ತದೆ. ಬೆಲ್ಟಿನ ಪಾಲಿನಲ್ಲಿ ಬಕಲಿಗೆ ಬಂದದ್ದೂ ಸೀಟಿನ ಸ್ವಂತ ತೂಕವೂ ಸೇರಿ ನಾಲ್ಕು ಬೋಲ್ಟುಗಳ ಮೇಲೆ ಬೀಳುತ್ತದೆ. ಬೋಲ್ಟು ತುಂಡಾಗುವುದು ಅಪರೂಪ, ತಗಡನ್ನು ಹರಿದುಕೊಂಡು ಎದ್ದು ಬರುತ್ತದೆ.

ಗುಜರಿಯಲ್ಲಿ ಆರಿಸುವಾಗ

ಇಲ್ಲಿಯವರು ಸಾಮಾನ್ಯವಾಗಿ ಹುಬ್ಬಳ್ಳಿಗೆ ಹೋಗುತ್ತಾರೆ, ಕಾರವಾರದವರು ಗೋವಾ ಕಡೆಗೂ. ಎಲ್ಲಿಂದ ತಂದರೂ ಸೀಟು ಯಾವ ಗಾಡಿಯದೆಂದು ನಂಬರು ಬರೆದ ಬಿಲ್ಲು ಕೇಳಿ.

ಎಲ್ಲಕ್ಕಿಂತ ಒಳ್ಳೆಯದು ನಿಮ್ಮ ಗಾಡಿಯದೇ ಕಂಪನಿಯ, ಸ್ವಲ್ಪ ಈಚಿನ ಪಿಕಪ್ಪಿನ ಸೀಟು. ನೆಲದ ಅಚ್ಚು ಒಂದೇ ಆಗಿದ್ದರೆ ತೂತುಗಳೂ ಕೂಡಿಬರುತ್ತವೆ, ಡ್ರೈವರಿಗೆ ಬಿಡಿ ಸೀಟು, ಪಕ್ಕಕ್ಕೆ ಜೋಡಿ ಸೀಟು ಒಟ್ಟಿಗೇ ಸಿಗುವುದೂ ಉಂಟು. ಅದು ಸಿಗದಿದ್ದರೆ ಎತ್ತರಕ್ಕೆ ಕೂರುವ ಗಾಡಿಗಳ ಸೀಟು ನೋಡಿ: ಬೊಲೆರೊ, ಸುಮೊ, ಸ್ಕಾರ್ಪಿಯೊ, ಕ್ವಾಲಿಸ್. ಆಮೇಲೆ ಸ್ಯಾಂಟ್ರೊ, ಇಂಡಿಕಾದಂಥ ಕಾರಿನವು. ಓಮ್ನಿಯ ಸೀಟು ಅಗ್ಗಕ್ಕೆ ಸಿಗುತ್ತದೆ, ತೆಳ್ಳಗೂ ಇದೆ, ಆದರೆ ಅದು ಎಂಜಿನ್ನಿನ ಮೇಲೆ ಕೂರಲೆಂದೇ ಮಾಡಿದ್ದು. ಅದರ ಕಾಲಿನ ಏರ್ಪಾಟು ನಿಮ್ಮ ನೆಲಕ್ಕೆ ಹೊಂದುವುದಿಲ್ಲ.

ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂದು ಬರೆದ ಚೀಟಿಯಿದ್ದರೆ, ಅಥವಾ ಅಡಿಯಲ್ಲಿ ಹಳದಿ ಬಣ್ಣದ ವೈರ್ ಕನೆಕ್ಟರ್ ಇದ್ದರೆ ಬೇಡವೇ ಬೇಡ. ಒಳಗೆ ಸಿಡಿಯುವ ಮದ್ದು ಇರಬಹುದು, ಆ ವೈರಿಗೆ ಟೆಸ್ಟ್ ಲೈಟು ಹಿಡಿಯುವುದೇ ಅಪಾಯ. ಮೋಟಾರಿನಿಂದ ಸರಿಯುವ ಸೀಟೂ ಬೇಡ. ಮಳೆಗಾಲದಲ್ಲಿ ಅದು ಎಲ್ಲಿ ನಿಂತಿತೋ ಅಲ್ಲಿಗೇ ನಿಂತೀತು.

ಬೆನ್ನಿನ ಭಾಗವನ್ನು ಮೇಲ್ತುದಿಯಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಬೆರಳಿನ ದಪ್ಪಕ್ಕಿಂತ ಹೆಚ್ಚು ಆಡಿದರೆ ಒರಗುವ ಗೇರು ಸವೆದಿದೆ, ಅದನ್ನು ರಿಪೇರಿ ಮಾಡಲಾಗದು. ಸೀಟನ್ನು ಬೋರಲು ಹಾಕಿ, ಲಿವರ್ ಎತ್ತಿ ಸರಿಸಿ, ಬಿಟ್ಟಾಗ ಎರಡೂ ರೈಲಿನ ಹಲ್ಲು ಕಚ್ಚುತ್ತದೆಯೇ ನೋಡಿ. ಒಂದೇ ಕಡೆ ಕಚ್ಚುವ ಸೀಟು ಘಟ್ಟದಲ್ಲಿ ಬ್ರೇಕ್ ಹಾಕಿದಾಗ ಓರೆಯಾಗಿ ಮುಂದೆ ಹೋಗುತ್ತದೆ. ರೈಲಿನ ಗ್ರೀಸಿನಲ್ಲಿ ನುಣ್ಣನೆಯ ಮಣ್ಣು ಕೂತಿದ್ದರೆ ಅದು ನೆರೆಯಲ್ಲಿ ಮುಳುಗಿದ ಕಾರು. ಫೋಮಿನ ಮುಗ್ಗಲು ವಾಸನೆ ಎಂದಿಗೂ ಹೋಗುವುದಿಲ್ಲ.

ಡ್ರೈವರ್ ಸೀಟಿನ ಬಲಮಗ್ಗುಲಿನ ಉಬ್ಬು ಹತ್ತಿಳಿಯುವಾಗ ಸವೆಯುತ್ತದೆ, ಒಳಗಿನ ತಂತಿ ತೊಡೆಗೆ ಚುಚ್ಚುವಷ್ಟು. ಅದಕ್ಕೆಂದು ಸವೆಯದ ಎಡಗಡೆ ಸೀಟನ್ನೇ ಡ್ರೈವರಿಗೆ ಹಾಕೋಣ ಎಂಬ ಬುದ್ಧಿವಂತಿಕೆ ಹಲವರಿಗೆ ಹೊಳೆಯುತ್ತದೆ. ಹಾಕಿದರೆ ಬಕಲ್ ಬಾಗಿಲ ಕಡೆಗೆ ಬರುತ್ತದೆ, ಒರಗುವ ಲಿವರ್ ಗೇರಿನ ಕಡೆಗೆ. ಬೆಲ್ಟು ಹಾಕಿಕೊಳ್ಳಲು ಆಗುವುದೇ ಇಲ್ಲ. ಸವೆದ ಉಬ್ಬಿಗೆ ಕುಶನ್ ಕೆಲಸದವರು ಹೊಸ ಫೋಮು ಅಂಟಿಸಿಕೊಡುತ್ತಾರೆ, ಅದೇ ಸರಿ.

ತರುವಾಗ ನಾಲ್ಕು ಮೂಲ ಬೋಲ್ಟು, ಬಕಲ್, ಲಿವರಿನ ಹಿಡಿಕೆ, ತಲೆಯಾನಿಕೆ, ಅದು ಕೂರುವ ಪ್ಲಾಸ್ಟಿಕ್ ಕೊಳವೆ ಎಲ್ಲ ಬಂತೇ ನೋಡಿಕೊಳ್ಳಿ. ಇವನ್ನು ಬೇರೆಯಾಗಿ ಹುಡುಕಲು ಹೊರಟರೆ ಇನ್ನೊಂದು ಸೀಟಿನ ದುಡ್ಡು ಹೋಗುತ್ತದೆ.

ಅಳತೆ ತಪ್ಪುವ ಜಾಗಗಳು

ಬಕೆಟ್ ಸೀಟಿನ ಅಗಲ ಸಾಮಾನ್ಯವಾಗಿ 48ರಿಂದ 52 ಸೆಂ.ಮೀ. ಎರಡಕ್ಕೆ ಒಂದು ಮೀಟರು. ಬಾಗಿಲು ಮುಚ್ಚಿದಾಗ ಎರಡೂ ಕಡೆ ಮೂರು ಮೂರು ಸೆಂ.ಮೀ. ಬಿಡಬೇಕು, ಇಲ್ಲವಾದರೆ ಲಿವರಿಗೆ ಕೈ ಹೋಗದು. ಉಳಿದದ್ದು ಗೇರ್ ಬಾಕ್ಸಿನ ಉಬ್ಬಿಗೆ. ಅಗಲದಲ್ಲಿ ತಪ್ಪುವವರು ಕಡಿಮೆ, ತಪ್ಪುವುದು ದಪ್ಪದಲ್ಲಿ. ಉದ್ದ ಸೀಟಿನ ಬೆನ್ನು ತೆಳ್ಳಗೆ, ಹಿಂಗೋಡೆಗೆ ಅಂಟಿಕೊಂಡಿರುತ್ತದೆ. ಕಾರಿನ ಸೀಟಿನ ಬೆನ್ನು ದಪ್ಪ, ಮೇಲೆ ವಾಲಿಸಲು ಜಾಗವೂ ಬೇಕು. ಹಾಗಾಗಿ ಡ್ರೈವರು ಮೊದಲಿಗಿಂತ ಐದಾರು ಸೆಂ.ಮೀ. ಮುಂದೆ ಬಂದು ಕೂರುತ್ತಾನೆ. ಉದ್ದ ಕಾಲಿನವರಿಗೆ ಮೊಣಕಾಲು ಸ್ಟೇರಿಂಗಿಗೆ ತಾಗುತ್ತದೆ. ಬೆನ್ನು ಪೂರ್ತಿ ಆನಿಸಿ ಕೂತಾಗ ಎದೆಗೂ ಸ್ಟೇರಿಂಗಿಗೂ ನಡುವೆ 25 ಸೆಂ.ಮೀ. ಇರಬೇಕು, ಕ್ಲಚ್ ನೆಲಕ್ಕೆ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು, ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ಮೇಲಂಚಿಗೆ ಸಿಗಬೇಕು. ಈ ಮೂರೂ ಒಟ್ಟಿಗೆ ಸಿಗದಿದ್ದರೆ ಆ ಗಾಡಿಗೆ ಆ ಸೀಟು ಆಗದು.

ಇನ್ನೊಂದು ವಿಷಯ ಕೂತ ಮೇಲೆಯೇ ಗೊತ್ತಾಗುವುದು. ಉದ್ದ ಸೀಟಿನಲ್ಲಿ ಡ್ರೈವರು ತನಗೆ ಬೇಕಾದಲ್ಲಿಗೆ ಸರಿದುಕೊಳ್ಳುತ್ತಾನೆ. ಬಕೆಟ್ ಸೀಟು ಅವನನ್ನು ಒಂದೇ ಜಾಗದಲ್ಲಿ ಹಿಡಿದಿಡುತ್ತದೆ. ನಡುವಿನ ಉಬ್ಬು ಅಡ್ಡ ಬಂತೆಂದು ಸೀಟನ್ನು ಬಾಗಿಲ ಕಡೆ ಸರಿಸಿ ಕೂರಿಸಿದರೆ ದಿನವಿಡೀ ಸೊಂಟ ತಿರುಚಿಕೊಂಡೇ ಓಡಿಸಬೇಕು, ಇದ್ದ ನೋವು ಇಮ್ಮಡಿಯಾಗುತ್ತದೆ. ಸೀಟಿನ ನಡುಗೆರೆಯೂ ಸ್ಟೇರಿಂಗಿನ ನಡುವೂ ಎರಡು ಸೆಂ.ಮೀ.ಗಿಂತ ಹೆಚ್ಚು ಬೇರೆಯಾಗದಿರಲಿ.

ಎರಡನೇ ಮತ್ತು ನಾಲ್ಕನೇ ಗೇರಿನಲ್ಲಿ ಲಿವರು ಹಿಂದಕ್ಕೆ ಬರುತ್ತದೆ. ಫೋರ್ ವೀಲ್ ಡ್ರೈವ್ ಗಾಡಿಯಾದರೆ ಇನ್ನೊಂದು ಲಿವರೂ ಇದೆ. ಎಲ್ಲ ಗೇರು ಹಾಕಿ ನೋಡಿ, ಸೀಟಿನ ಉಬ್ಬಿಗೆ ಕೈಬೆರಳು ತಾಗಬಾರದು.

ಬೇಸು

ಉದ್ದ ಸೀಟು ಕೂರುವುದು ನೆಲದಿಂದ ಎದ್ದ ತಗಡಿನ ಪೆಟ್ಟಿಗೆಯ ಮೇಲೆ. ಕಾರಿನ ಸೀಟಿಗೆ ರೈಲು, ಚೌಕಟ್ಟು ಎಂದು ತನ್ನದೇ ಎತ್ತರವಿದೆ. ಪೆಟ್ಟಿಗೆಯ ಮೇಲೆಯೇ ಇಟ್ಟರೆ ತಲೆ ಸೂರಿಗೆ ಬಡಿಯುತ್ತದೆ. ನೇರವಾಗಿ ನೆಲದ ಮೇಲಿಟ್ಟರೆ ಬಾನೆಟ್ಟಿನಾಚೆ ರಸ್ತೆಯೇ ಕಾಣುವುದಿಲ್ಲ. ಇವೆರಡರ ನಡುವಿನ ಎತ್ತರಕ್ಕೆ ಬೇಸು ಮಾಡಬೇಕು. ಹಳೆ ಸೀಟಿನ ಮೇಲೆ ಡ್ರೈವರನ್ನು ಕೂರಿಸಿ, ಅಮುಕಿದ ಕುಶನ್ನು ನೆಲದಿಂದ ಎಷ್ಟೆತ್ತರವೆಂದು ಮೊದಲೇ ಬರೆದಿಟ್ಟುಕೊಳ್ಳಿ. ಹೊಸ ಸೀಟಿನ ಮೇಲೂ ಅದೇ ಅಳತೆ ಬರಬೇಕು. ಕೂತವರ ತಲೆಗೂ ಸೂರಿಗೂ ನಡುವೆ ಒಂದು ಮುಷ್ಟಿ ಜಾಗ ಬೇಕು, ನಮ್ಮ ಹೊಂಡಗಳ ಲೆಕ್ಕದಲ್ಲಿ ಅದೂ ಕಡಿಮೆಯೇ.

ಪೆಟ್ಟಿಗೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ. ಎರಡು ಹೊಸ್ತಿಲುಗಳ ನಡುವೆ ನೆಲ ಬಾಗದಂತೆ ಹಿಡಿದಿರುವುದು ಅದೇ. ಅದನ್ನು ತೆಗೆದ ಗಾಡಿಯಲ್ಲಿ ಕೆಲವು ತಿಂಗಳಲ್ಲಿ ಬಾಗಿಲು ಸರಿಯಾಗಿ ಕೂರುವುದಿಲ್ಲ. ಮೇಲ್ಭಾಗ ಮಾತ್ರ ತಗ್ಗಿಸಿ, ಕತ್ತರಿಸಿದಲ್ಲಿ ಅಡ್ಡಪಟ್ಟಿ ಕೂಡಿಸಿ.

ಬೇಸಿಗೆ 25 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಕಬ್ಬಿಣದ ಪೈಪು ಸಾಕು. ಒಂದು ಸೀಟಿಗೆ ಉದ್ದದ ಎರಡು, ಅಡ್ಡದ ಎರಡು, ನಾಲ್ಕು ಕಾಲು, ಎರಡು ಓರೆ ಆಧಾರ ಸೇರಿ ಮೂರು ಮೀಟರಿನೊಳಗೆ ಮುಗಿಯುತ್ತದೆ. 20 ಅಡಿಯ ಒಂದು ಪೈಪು ಎರಡು ಸೀಟಿಗೆ ಸಾಲುತ್ತದೆ. ಓರೆ ಆಧಾರ ಬಿಟ್ಟರೆ ಬೇಸು ಬ್ರೇಕ್ ಹಾಕಿದಾಗಲೆಲ್ಲ ಮುಂದಕ್ಕೆ ತೂಗಿ, ಕಾಲಿನ ಬುಡದ ವೆಲ್ಡು ಬಿರುಕು ಬಿಡುತ್ತದೆ. ಬೋಲ್ಟು ಪೈಪಿನ ಮೂಲಕ ಹಾಯುವಲ್ಲಿ ಒಳಗೊಂದು ಗಿಡ್ಡ ಕೊಳವೆ ಕೂರಿಸಿ. ಇಲ್ಲದಿದ್ದರೆ ಬಿಗಿ ಮಾಡಿದಷ್ಟೂ ಪೈಪು ಚಪ್ಪಟೆಯಾಗುತ್ತ ಹೋಗುತ್ತದೆ, ಬೋಲ್ಟು ಸಡಿಲವಾಗಿಯೇ ಇರುತ್ತದೆ.

ಕಾರಿನ ಸೀಟಿನ ನಾಲ್ಕು ಕಾಲು ಒಂದೇ ಮಟ್ಟದಲ್ಲಿ ಇರುವುದಿಲ್ಲ. ಆ ಕಾರಿನ ನೆಲದ ಏರಿಳಿತಕ್ಕೆ ತಕ್ಕಂತೆ ಮುಂದಿನವು ಒಂದೆತ್ತರ, ಹಿಂದಿನವು ಒಂದೆತ್ತರ, ಉಬ್ಬಿನ ಕಡೆಯದು ಇನ್ನೊಂದು. ಸಮತಟ್ಟಾದ ಬೇಸು ಮಾಡಿ ಅದರ ಮೇಲೆ ಬೋಲ್ಟು ಹಾಕಿ ಎಳೆದರೆ ರೈಲು ತಿರುಚಿಕೊಂಡು ಸರಿಯುವುದೇ ನಿಲ್ಲುತ್ತದೆ. ಸೀಟನ್ನು ಮರದ ತುಂಡುಗಳ ಮೇಲೆ ಸರಿಯಾದ ಎತ್ತರಕ್ಕೆ, ಸರಿಯಾದ ವಾಲಿಗೆ ನಿಲ್ಲಿಸಿ, ಕಾಲುಗಳಿಗೆ ತಕ್ಕಂತೆ ಪೈಪು ಕತ್ತರಿಸಿ, ಚುಕ್ಕೆ ವೆಲ್ಡ್ ಮಾಡಿ. ಆಮೇಲೆ ಸೀಟನ್ನು ಗಾಡಿಯಿಂದ ಹೊರಗೆ ತೆಗೆದು ಪೂರ್ತಿ ವೆಲ್ಡ್ ಮಾಡಿ. ಸೀಟು ಅಲ್ಲೇ ಇರುವಾಗ ಉದ್ದ ವೆಲ್ಡ್ ಎಳೆದರೆ ಒಂದು ಕಿಡಿ ಸಾಕು, ಫೋಮು ಹೊಗೆಯಾಡುತ್ತ ಒಳಗೇ ಹತ್ತಿಕೊಳ್ಳುತ್ತದೆ.

ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಎರಡೂ ತಂತಿ ಬಿಚ್ಚಿ. ನೆಲದ ಕೆಳಗೆ ಡೀಸೆಲ್ ಪೈಪು, ಬ್ರೇಕ್ ಪೈಪು, ವೈರಿಂಗ್ ಎಲ್ಲಿ ಹಾದಿವೆ ಎಂದು ಸೀಮೆಸುಣ್ಣದಲ್ಲಿ ಮೇಲೆ ಗುರುತು ಹಾಕಿಕೊಳ್ಳಿ. ತೂತು ಕೊರೆಯುವಾಗಲೂ ಈ ಗುರುತು ಬೇಕು. ಹಳೆ ಜೀಪಿನ ಮಾದರಿಯ ಕೆಲವು ಗಾಡಿಗಳಲ್ಲಿ ಡ್ರೈವರ್ ಸೀಟಿನಡಿಯೇ ಟ್ಯಾಂಕು. ಅಂಥದ್ದರಲ್ಲಿ ಗಾಡಿಯೊಳಗೆ ವೆಲ್ಡಿಂಗ್ ಬೇಡವೇ ಬೇಡ, ಬೇಸನ್ನು ಹೊರಗೆ ಮಾಡಿ ಬೋಲ್ಟಿನಿಂದಲೇ ಕೂರಿಸಬೇಕು. ಟ್ಯಾಂಕು ತೆಗೆದು ತೊಳೆದು ಖಾಲಿ ಮಾಡಿದ್ದೇವೆ ಎಂಬ ಧೈರ್ಯವೂ ಬೇಡ, ಖಾಲಿ ಟ್ಯಾಂಕಿನ ಆವಿಯೇ ಹೆಚ್ಚು ಅಪಾಯ.

ಬೋಲ್ಟು ಎಂ10, ಅಂದರೆ 10 ಮಿ.ಮೀ. ದಪ್ಪದ್ದು, ತಲೆಯ ಮೇಲೆ 8.8 ಎಂಬ ಗಟ್ಟಿತನದ ಗುರುತಿರುವಂಥದ್ದು. ಒಂದು ಸೀಟಿಗೆ ನಾಲ್ಕು, ಸಡಿಲಾಗದಂತೆ ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ಟಿನ ಜೊತೆ. ನೆಲದ ಕೆಳಗೆ ಪ್ರತಿ ಬೋಲ್ಟಿಗೂ 75 ಮಿ.ಮೀ. ಉದ್ದ, 50 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಪ್ಲೇಟು, ಮೂಲೆಗಳನ್ನು ಉಜ್ಜಿ ದುಂಡು ಮಾಡಿದ್ದು. ಚೂಪು ಮೂಲೆ ತಗಡನ್ನು ಕತ್ತಿಯಂತೆ ಕೊಯ್ಯುತ್ತದೆ. ಬರೀ ವಾಶರ್ ಹಾಕುವುದು ಈ ಕೆಲಸದಲ್ಲಿ ನಡೆಯುವ ದೊಡ್ಡ ಮೋಸ. ಬಿಗಿ 45 ನ್ಯೂಟನ್ ಮೀಟರ್ ಆಸುಪಾಸು. ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲದಿದ್ದರೆ, 20 ಸೆಂ.ಮೀ. ಉದ್ದದ ಪಾನದ (ಸ್ಪ್ಯಾನರಿನ) ತುದಿಯಲ್ಲಿ ಒಂದು ಸಣ್ಣ ಅಕ್ಕಿ ಮೂಟೆ, ಅಂದರೆ 23 ಕೆ.ಜಿ.ಯಷ್ಟು ಎಳೆತ.

ಕರಾವಳಿಯಲ್ಲಿ ತುಕ್ಕಿಗೆ ಹೆದರಿ ಸ್ಟೇನ್‌ಲೆಸ್ ಬೋಲ್ಟು ಹಾಕುವವರಿದ್ದಾರೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಸ್ಟೇನ್‌ಲೆಸ್ ಬೋಲ್ಟು 8.8ರಷ್ಟು ಗಟ್ಟಿಯಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಉಪ್ಪುನೀರು ಬಿದ್ದಾಗ ಸ್ಟೇನ್‌ಲೆಸ್ ಉಳಿದುಕೊಂಡು ಅದಕ್ಕೆ ತಾಗಿದ ಮೆತ್ತನೆಯ ಕಬ್ಬಿಣದ ತಗಡು ಬೇಗ ತಿನ್ನಿಸಿಕೊಳ್ಳುತ್ತದೆ. ಬೋಲ್ಟು ಹೊಳೆಯುತ್ತಿರುತ್ತದೆ, ಸುತ್ತಲಿನ ನೆಲ ಇರುವುದಿಲ್ಲ. ಸತುವಿನ ಲೇಪದ 8.8 ಬೋಲ್ಟು, ಬಿಗಿ ಮಾಡಿದ ಮೇಲೆ ಹೊರಗುಳಿದ ಎಳೆಗೂ ನಟ್ಟಿಗೂ ಗ್ರೀಸು ಸವರಿ. ಅದೇ ಸಾಕು.

ಬಿಗಿ ಮಾಡುವ ಕ್ರಮವೂ ಇದೆ. ನಾಲ್ಕನ್ನೂ ಕೈಯಲ್ಲಿ ತಿರುಗಿಸಿ ಬಿಡಿ. ಸೀಟನ್ನು ಪೂರ್ತಿ ಹಿಂದೆ ಸರಿಸಿ ಮುಂದಿನ ಎರಡು ಬಿಗಿ ಮಾಡಿ, ಪೂರ್ತಿ ಮುಂದೆ ತಂದು ಹಿಂದಿನ ಎರಡು. ಮತ್ತೆ ಸರಿಸಿ ನೋಡಿ. ಎರಡು ರೈಲಿನ ನಡುವಿನ ಅಂತರ ಮುಂದೆಯೂ ಹಿಂದೆಯೂ ಒಂದೇ ಇರಬೇಕು. ಎರಡು ಮಿ.ಮೀ. ವ್ಯತ್ಯಾಸವಿದ್ದರೂ ಸಿಕ್ಕಿಹಾಕಿಕೊಳ್ಳುತ್ತದೆ.

ಬೆಲ್ಟು

ಹಳೆ ಗಾಡಿಯ ಬೆಲ್ಟಿನ ಎರಡೂ ತುದಿ ನೆಲಕ್ಕೂ ಬಾಗಿಲ ಪಕ್ಕದ ಕಂಬಕ್ಕೂ ಕಟ್ಟಿದ್ದರೆ ಅದನ್ನು ಹಾಗೆಯೇ ಉಳಿಸಿಕೊಳ್ಳುವುದು ಒಳ್ಳೆಯದು. ಆಗ ಬೇಸಿನ ಮೇಲಿನ ಭಾರ ಕಡಿಮೆ. ಸೀಟಿನದೇ ಬಕಲ್ ಬಳಸುವುದಾದರೆ ಬೆಲ್ಟಿನ ನಾಲಗೆಯೂ ಅದೇ ಗಾಡಿಯದಿರಬೇಕು. ಒಂದು ಕಂಪನಿಯ ನಾಲಗೆ ಇನ್ನೊಂದರ ಬಕಲಿನಲ್ಲಿ ಟಕ್ ಎಂದರೂ ಎಳೆದಾಗ ಬಿಡಬಹುದು. ಅಪಘಾತವಾದ ಕಾರಿನ ಬೆಲ್ಟು, ಬಕಲ್ ಬೇಡ. ಎಳೆತ ತಿಂದ ಬೆಲ್ಟು ಮೇಲೆ ಏನೂ ತೋರಿಸುವುದಿಲ್ಲ. ಬೆಲ್ಟಿನ ಬೋಲ್ಟು ಹೆಚ್ಚಾಗಿ ಇಂಚಿನ ಲೆಕ್ಕದ್ದು, 7/16, ಸಣ್ಣ ಎಳೆಯದು. ಕಳೆದುಹೋಯಿತೆಂದು ಎಂ10 ಹಾಕಿದರೆ ಸಡಿಲ, ಎಂ12 ಹೊಡೆದು ತಿರುಗಿಸಿದರೆ ನಟ್ಟಿನ ಎಳೆ ಹಾಳು.

ಉದ್ದ ಸೀಟನ್ನೇ ಉಳಿಸಿಕೊಂಡರೆ

ಇದನ್ನು ಬಡವರ ದಾರಿ ಎಂದು ಕೀಳುಗಳೆಯಬೇಡಿ. ಹೆಚ್ಚಿನ ಉದ್ದ ಸೀಟುಗಳು ಕೆಟ್ಟಿರುವುದು ವಿನ್ಯಾಸದಿಂದಲ್ಲ, ಇಪ್ಪತ್ತು ವರ್ಷ ಬಿಚ್ಚದೇ ಕೂತದ್ದರಿಂದ. ರಬ್ಬರು ಹಾಕಿದ ತೆಂಗಿನ ನಾರು ಪುಡಿಯಾಗಿರುತ್ತದೆ, ಹಾವಿನಂಥ ಅಡ್ಡ ಸ್ಪ್ರಿಂಗುಗಳಲ್ಲಿ ಡ್ರೈವರಿನಡಿಯ ಎರಡು ಮೂರು ತುಂಡಾಗಿರುತ್ತವೆ. ಸ್ಪ್ರಿಂಗು ಬದಲಿಸಿ, ಚೌಕಟ್ಟಿಗೆ ಪೇಂಟು ಹೊಡೆದು, ಸ್ಪ್ರಿಂಗಿನ ಮೇಲೆ ಗೋಣಿ ಅಥವಾ ನಮದಾ ಹಾಸಿ, ಅದರ ಮೇಲೆ 25 ಮಿ.ಮೀ. ಗಟ್ಟಿ ರೀಬಾಂಡೆಡ್ ಫೋಮು (ಫೋಮಿನ ಚೂರು ಒತ್ತಿ ಅಂಟಿಸಿದ್ದು), ಮೇಲೆ 75 ಮಿ.ಮೀ. 40 ಡೆನ್ಸಿಟಿಯ ಫೋಮು. ಗೋಣಿ ಇಲ್ಲದಿದ್ದರೆ ಸ್ಪ್ರಿಂಗು ಫೋಮನ್ನು ವರ್ಷದೊಳಗೆ ಕೊಯ್ದು ಹಾಕುತ್ತದೆ. ಅಂಗಡಿಯವರು ಮೆತ್ತಗಿನ ಫೋಮು ಅಮುಕಿ ತೋರಿಸಿ ಆಸೆ ಹುಟ್ಟಿಸುತ್ತಾರೆ. ಅದು ಸೋಫಾಕ್ಕೆ, ಗಾಡಿಗಲ್ಲ. ರೆಕ್ಸಿನ್ 54 ಇಂಚು ಅಗಲದ್ದು ಮೂರು ಮೀಟರು ಸಾಕು. ಹೊಲಿಗೆಯ ದಾರ ನೈಲಾನ್ ಅಥವಾ ಪಾಲಿಯೆಸ್ಟರೇ ಇರಲಿ, ಹತ್ತಿಯ ದಾರ ಎರಡು ಮಳೆಗಾಲಕ್ಕೆ ಕೊಳೆಯುತ್ತದೆ. ತಲೆಯಾನಿಕೆ ಮಾತ್ರ ಸಿಗುವುದಿಲ್ಲ, ಹಿಂದಿನಿಂದ ಗುದ್ದಿದಾಗ ಕುತ್ತಿಗೆಗೆ ರಕ್ಷಣೆಯಿಲ್ಲ. ಉದ್ದ ಸೀಟಿನ ನಿಜವಾದ ಕೊರತೆ ಇದೊಂದು.

ಮೂರನೆಯ ದಾರಿ ಹಿಡಿದು ಅರ್ಧ ಅರ್ಧ ಮಾಡುವುದಾದರೆ ಇದೇ ಚೌಕಟ್ಟನ್ನು ಕತ್ತರಿಸಬಹುದು. ಡ್ರೈವರಿನ ಬಕೆಟ್ ಸೀಟಿಗೆ 50 ಸೆಂ.ಮೀ., ನಡುವೆ ಐದಾರು ಸೆಂ.ಮೀ. ಬಿಟ್ಟು ಉಳಿದದ್ದು ಇಬ್ಬರಿಗೆ. ಕತ್ತರಿಸಿದ ತುದಿಗೆ ಅದೇ ದಪ್ಪದ ಪೈಪು ವೆಲ್ಡ್ ಮಾಡಿ ಮುಚ್ಚಿ, ಸ್ಪ್ರಿಂಗಿನ ಕೊಕ್ಕೆಗಳಿಗೆ ಹೊಸ ಕ್ಲಿಪ್ಪು ಹಾಕಿಸಿ. ಜೋಡಿ ಸೀಟಿನಡಿ ಜಾಕು, ಪಾನ, ಹಗ್ಗ, ತಾಡಪಾಲು ಇಡುವ ಜಾಗವೂ ಉಳಿಯುತ್ತದೆ. ಎರಡು ಬಕೆಟ್ ಸೀಟು ಹಾಕಿದವರು ಮೊದಲ ಮಳೆಗೇ ಹುಡುಕುವುದು ಇದೇ ಜಾಗವನ್ನು.

ಮೇಲ್ಹೊದಿಕೆ

ಕಾರಿನ ಸೀಟಿನ ಬಟ್ಟೆ ನಮ್ಮಲ್ಲಿ ಬಾಳುವುದಿಲ್ಲ. ಒದ್ದೆ ರೇನ್‌ಕೋಟು, ಮೀನುನೀರು, ಅಡಿಕೆ ಚೊಗರು ಒಂದೊಂದೇ ಸಾಕು. ರೆಕ್ಸಿನ್ ಕವರು ಹೊಲಿಸಿ, ಆದರೆ ಬಿಚ್ಚಿ ತೆಗೆಯುವಂತಿರಲಿ. ಫೋಮಿಗೂ ರೆಕ್ಸಿನ್ನಿಗೂ ನಡುವೆ ಪ್ಲಾಸ್ಟಿಕ್ ಹಾಳೆ ಹಾಕಿಸುವುದು ಜಾಣತನವೆಂದು ಕಾಣುತ್ತದೆ. ಹೊಲಿಗೆಯ ತೂತಿನಿಂದ ಒಳಹೋದ ನೀರಿಗೆ ಹೊರಬರುವ ದಾರಿ ಮುಚ್ಚುತ್ತದೆ, ಶ್ರಾವಣದ ಹೊತ್ತಿಗೆ ಫೋಮು ಬೂಸಲು ಹಿಡಿಯುತ್ತದೆ. ಅಡಿಭಾಗ ತೆರೆದೇ ಇರಲಿ, ಗಾಳಿಯಾಡಲಿ. ನೆಲಕ್ಕೆ ನಮದಾ ಮತ್ತೆ ಹಾಸಬೇಡಿ, ಎತ್ತಿ ಒಣಗಿಸಬಹುದಾದ ರಬ್ಬರ್ ಮ್ಯಾಟು ಮಾತ್ರ ಸಾಕು.

ಮೊದಲ 500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟುಗಳಿಗೂ ಒಮ್ಮೆ ಪಾನ ಹಾಕಿ, ಪೇಂಟು ಅಮುಕಿಕೊಂಡು ಸ್ವಲ್ಪ ಸಡಿಲಾಗಿರುತ್ತವೆ. ಆಮೇಲೆ ಪ್ರತಿ ಮಳೆಗಾಲ ಮುಗಿದಾಗ ಕೆಳಗಿನ ಪ್ಲೇಟುಗಳ ಸುತ್ತ ನೋಡಿದರೆ ಸಾಕು. ತೆಗೆದ ಉದ್ದ ಸೀಟನ್ನು ಕತ್ತರಿಸಿಲ್ಲವಾದರೆ ಅದರ ಚೌಕಟ್ಟನ್ನು ಕೂಡಲೇ ಗುಜರಿಗೆ ಹಾಕಬೇಡಿ. ಎಫ್‌ಸಿಯಲ್ಲಿ ತಕರಾರು ಬಂದರೆ, ಅಥವಾ ಗಾಡಿ ಕೊಳ್ಳಲು ಬಂದವರು ಮೂರು ಸೀಟು ಕೇಳಿದರೆ, ಕೊಟ್ಟಿಗೆಯ ಅಟ್ಟದಿಂದ ಇಳಿಸಿಕೊಳ್ಳಬಹುದು.